ಕಣದ ಮಣ್ಣು, ಗಡಿಗೆಯ ಮಣ್ಣು

"ಉಸ್ತಾದ್ರ, ಇನ್ನ ಮ್ಯಾಲ ಮಂದಿ ಕುಸ್ತಿ ನೋಡಾಕ ಬರ್ತಾರೇನ್ರಿ?"

ಹೀಗೆ ಕೇಳಿದವನು ಫಕೀರೇಶ. ಕೇಳಿದ್ದು ತನ್ನ ಗರಡಿಮನೆಯ ಗುರು ಭರಮಪ್ಪ ಉಸ್ತಾದರನ್ನು. ಮೂರು ದಿನದ ಹಿಂದೆ ಇಬ್ಬರೂ ಕೂಡಿ ಪಟ್ಟಣದ ಮೈದಾನಕ್ಕೆ ಹೋಗಿ ಬಂದಿದ್ದರು. ಸೀಮೆಯ ಜನ ಹತ್ತು ವರ್ಷ ಬಯಸಿದ್ದ ಜೋಡಿ ಅಂದು ಎದುರುಬದುರಾಗಿತ್ತು. ಆದರೆ ಇಬ್ಬರು ಪೈಲ್ವಾನರೂ ಒಂದು ತಾಸು ಕೈ ಹಿಡಿದು ಅತ್ತಿತ್ತ ತಳ್ಳಾಡಿದರೇ ಹೊರತು ಕುಸ್ತಿ ಆಡಲಿಲ್ಲ. ಕೊನೆಗೆ ಪಂಚರು ಸಮ ಎಂದು ಬಿಡಿಸಿದರು. ಮಂದಿ ಬೈಯುತ್ತ ಎದ್ದು ಹೋದರು. ಅಂದಿನಿಂದ ಫಕೀರೇಶನಿಗೆ ಅನ್ನ ರುಚಿಸುತ್ತಿಲ್ಲ. ಬೆಳಿಗ್ಗೆ ಗರಡಿಗೆ ಬರುತ್ತಾನೆ, ಕಟ್ಟೆಯ ಮೇಲೆ ಕೂರುತ್ತಾನೆ, ಲಂಗೋಟಿ ಕಟ್ಟುವುದಿಲ್ಲ.

"ಮಂದೀನ ಬರಲಿಲ್ಲಂದ್ರ ನಾವು ಯಾರ ಸಲುವಾಗಿ ಮೈ ಮುರೀಬೇಕ್ರಿ? ನಾ ಬಿಟ್ಟಬಿಡ್ತೀನ್ರಿ" ಎಂದ. ಒಂಬತ್ತು ವರ್ಷ ಇದೇ ಮಣ್ಣಿನಲ್ಲಿ ಹೊರಳಿ ಬೆಳೆದವನು.

ಉಸ್ತಾದರು ಗದರಲಿಲ್ಲ. ಗೋಡೆಗೆ ಒರಗಿಸಿದ್ದ ಗುದ್ದಲಿಯನ್ನು ಒಮ್ಮೆ ನೋಡಿದರು. ಆಮೇಲೆ ಬಂದು ಅವನ ಪಕ್ಕದಲ್ಲಿ ಕುಳಿತು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕುಂಬಾರನಿದ್ದ. ಮೈಯಲ್ಲಿ ಮಾಂಸವಿಲ್ಲ, ತೋಳಿನಲ್ಲಿ ಕಸುವಿಲ್ಲ. ಜನ್ಮದಲ್ಲಿ ಒಂದು ಕುಸ್ತಿ ಆಡಿದವನಲ್ಲ. ಆದರೆ ಕುಸ್ತಿ ಎಂದರೆ ಪ್ರಾಣ ಬಿಡುತ್ತಿದ್ದ. ಆ ಊರಿನ ಗರಡಿಯ ಕಣಕ್ಕೆ ಮಣ್ಣು ಹಾಕುವ ಹಕ್ಕು ಅವನ ಮನೆತನದ್ದು. ಅಜ್ಜ ಹಾಕಿದ್ದ, ಅಪ್ಪ ಹಾಕಿದ್ದ, ಈಗ ಇವನು. ಗುಡ್ಡದ ಬುಡದ ಕೆಂಪು ಮಣ್ಣನ್ನು ತಂದು ಮೂರು ಸಲ ಜರಡಿ ಹಿಡಿಯುವನು. ಮಜ್ಜಿಗೆ, ಎಳ್ಳೆಣ್ಣೆ, ಅರಿಶಿನ ಸೇರಿಸಿ ಹದ ಮಾಡುವನು. ಅಷ್ಟಕ್ಕೇ ಮುಗಿಯದು. ದಿನಾ ಬೆಳಿಗ್ಗೆ ಗುದ್ದಲಿ ಹಿಡಿದು ಕಣವನ್ನು ಅಗೆದು ಮೇಲುಕೆಳಗು ಮಾಡಬೇಕು. ನಾಲ್ಕು ದಿನ ಅಗೆಯದೆ ಬಿಟ್ಟರೆ ಆ ಮಣ್ಣು ಕಲ್ಲಾಗುತ್ತದೆ. ಬಿದ್ದವನ ಬೆನ್ನು ಉಳಿಯುವುದಿಲ್ಲ.

ಸಂಜೆ ಅವನು ತಿಗರಿಯ ಮುಂದೆ ಕುಳಿತು ಗಡಿಗೆ ಮಾಡುತ್ತಿದ್ದ. ಹೆಂಡತಿ ಎದುರಿಗೆ ಮಣ್ಣು ತುಳಿಯುತ್ತಿದ್ದಳು. ಆ ಕಾಲದಲ್ಲಿ ಹೆಂಗಸರು ಕಣದ ಹತ್ತಿರ ಸುಳಿಯುವಂತಿರಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಒಂದು ಕುಸ್ತಿಯನ್ನೂ ಕಣ್ಣಾರೆ ಕಂಡವಳಲ್ಲ. ಆದರೆ ಗಂಡನ ಬಾಯಿಂದ ನೂರಾರು ಕುಸ್ತಿ ಕಂಡಿದ್ದಳು. ಯಾರು ಯಾರ ಕಾಲಿಗೆ ಕಾಲು ಕೊಟ್ಟ, ಯಾರು ಸೊಂಟ ಹಿಡಿದು ಎತ್ತಿ ಒಗೆದ, ಎಲ್ಲವನ್ನೂ ಅವನು ಬಿಡದೆ ಹೇಳುವನು. ಹೇಳುತ್ತ ಹೇಳುತ್ತ ಆವೇಶ ಬಂದು ಎದ್ದು, ಮನೆಯ ಕಂಬವನ್ನೇ ತಬ್ಬಿ ಪಟ್ಟು ತೋರಿಸುವನು. ಅಷ್ಟರಲ್ಲಿ ತಿಗರಿಯ ಮೇಲಿನ ಗಡಿಗೆ ಸೊಟ್ಟಗಾಗುವುದು. ಅವಳು ಹೊಟ್ಟೆ ಹಿಡಿದು ನಗುವಳು. ಅವರಿಗೆ ಮಕ್ಕಳಿರಲಿಲ್ಲ. ಆ ಮನೆಯಲ್ಲಿ ಗಲಗಲ ಅನ್ನುವುದು ಆ ಸಂಜೆಯ ಮಾತೊಂದೇ.

ಆ ಸೀಮೆಯಲ್ಲಿ ಸೋಲು ಕಾಣದ ಇಬ್ಬರು ಪೈಲ್ವಾನರಿದ್ದರು. ಒಬ್ಬ ಹೊಳೆಯ ಈಚೆಯವನು, ಇನ್ನೊಬ್ಬ ಆಚೆಯವನು. ಇಬ್ಬರೂ ಎಂದೂ ಕೈ ಕೂಡಿಸಿರಲಿಲ್ಲ. ಕುಂಬಾರ ಹನ್ನೆರಡು ವರ್ಷ ಆ ಕುಸ್ತಿಯನ್ನು ಮನಸ್ಸಿನಲ್ಲೇ ಆಡಿಸಿದ. ಅವನು ಈಚೆಯವನ ಕಡೆ. ಹೆಂಡತಿ ಆಚೆಯವನ ಕಡೆ. ಗಂಡನನ್ನು ಕೆಣಕಲಿಕ್ಕೆ ಅಷ್ಟೆ, ಮತ್ತೇನೂ ಕಾರಣವಿಲ್ಲ.

ಒಂದು ವರ್ಷ ಕೊನೆಗೂ ಆ ಜೋಡಿ ಕೂಡಿತು. ಹೆಂಡತಿ ರೊಟ್ಟಿಯ ಬುತ್ತಿ ಕಟ್ಟಿಕೊಟ್ಟಳು. ಕುಂಬಾರ ಎರಡು ದಿನ ನಡೆದು ಹೋದ, ಎರಡು ದಿನ ನಡೆದು ಬಂದ. ಬಂದವನು ಕಾಲು ತೊಳೆಯಲಿಲ್ಲ, ಹಾಗೇ ಹೊಸ್ತಿಲ ಮೇಲೆ ಕುಳಿತ. ಏನಾಯಿತೆಂದು ಅವಳು ಕೇಳಿದಳು.

"ಏನೂ ಆಗ್ಲಿಲ್ಲ. ಎಲ್ಲಿ ಸೋಲ್ತೀವೋ ಅಂತ ಇಬ್ರೂ ಅಂಜಿದ್ರು. ಕೈ ಹಿಡಕೊಂಡು ನಿಂತು ಹೊತ್ತು ಮುಳುಗಿಸಿದ್ರು" ಎಂದ.

ಅಷ್ಟು ಹೇಳಿ ಗುದ್ದಲಿಯನ್ನು ಅಟ್ಟಕ್ಕೆ ಎಸೆದ. ಇನ್ನು ಕಣದ ಮಣ್ಣು ಮುಟ್ಟಿದರೆ ಕೇಳು ಎಂದು ಆಣೆ ಇಟ್ಟ. ಊರಿನವರಿಗೂ ಅದೇ ಸಿಟ್ಟು. ಗರಡಿಯ ಕಡೆ ಹೋಗುವವರೇ ಇಲ್ಲವಾದರು.

ಒಂದು ತಿಂಗಳು ಕಳೆಯಿತು. ಸಂಜೆ ತಿಗರಿ ತಿರುಗುವ ಸದ್ದು ಬಿಟ್ಟರೆ ಆ ಮನೆಯಲ್ಲಿ ಬೇರೆ ಸದ್ದಿಲ್ಲ. ಕುಂಬಾರ ತಲೆ ಬಗ್ಗಿಸಿ ಕುಳಿತು ಗಡಿಗೆ ಮಾಡುವನು, ಉಂಡು ಮಲಗುವನು. ಒಂದು ಗಡಿಗೆಯೂ ಸೊಟ್ಟಗಾಗಲಿಲ್ಲ. ಅಂಗಳದಲ್ಲಿ ಸಾಲಾಗಿ ನೆಟ್ಟಗೆ ನಿಂತ ಗಡಿಗೆಗಳನ್ನು ನೋಡಿದರೆ ಅವನ ಹೆಂಡತಿಗೆ ಅಳು ಬರುತ್ತಿತ್ತು.

ಆ ಊರಿನಲ್ಲಿ ಒಬ್ಬ ಮಡಿವಾಳ, ಒಬ್ಬ ಗಾಣಿಗ ಇದ್ದರು. ಇಬ್ಬರಿಗೂ ನಲವತ್ತು ದಾಟಿತ್ತು. ಪ್ರತಿ ಪಂಚಮಿ ಹಬ್ಬಕ್ಕೆ ಅವರಿಬ್ಬರದೇ ಒಂದು ಜೋಡಿ. ಹೊರಗಿನ ಯಾವ ಮೈದಾನದಲ್ಲೂ ಗೆದ್ದವರಲ್ಲ. ತಮ್ಮೊಳಗೆ ಆಡಿದರೂ ಹನ್ನೊಂದು ವರ್ಷದಿಂದ ಸೋಲುತ್ತಿದ್ದವನು ಗಾಣಿಗನೇ. ಪಂಚಮಿ ಹತ್ತಿರ ಬಂತೆಂದು ಇಬ್ಬರೂ ಬಂದು ಕುಂಬಾರನ ಮುಂದೆ ನಿಂತು ಮಣ್ಣು ಕೇಳಿದರು. ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಅವರು ಹ್ಯಾಪು ಮೋರೆ ಹಾಕಿಕೊಂಡು ಹೋದರು.

ಮರುದಿನ ಅವನು ಮನೆಯಲ್ಲಿಲ್ಲದಾಗ ಮತ್ತೆ ಬಂದರು. ಹಿತ್ತಲಿನಲ್ಲಿ ಮಣ್ಣಿನ ಗುಡ್ಡೆ ಇದೆ, ಹೊತ್ತುಕೊಂಡು ಹೋಗಿ ಎಂದು ಅವನ ಹೆಂಡತಿ ಹೇಳಿದಳು. ಅವರು ಹಿಂದೆಮುಂದೆ ನೋಡದೆ ಇಪ್ಪತ್ತು ಬುಟ್ಟಿ ಹೊತ್ತರು. ಕಣದ ತುಂಬ ಹರಡಿ, ಮೇಲೆ ನಾಲ್ಕು ಕೊಡ ನೀರು ಸುರಿದರು.

ಕುಂಬಾರ ಗಡಿಗೆ ಸುಡುವ ಆವಿಗೆಗೆ ಕಟ್ಟಿಗೆ ಹೊತ್ತು ಅದೇ ದಾರಿಯಲ್ಲಿ ಬರುತ್ತಿದ್ದ. ಗರಡಿಯೊಳಗಿಂದ ಕೂಗಾಟ ಕೇಳಿಸಿತು. ನೋಡಬಾರದೆಂದುಕೊಂಡೇ ಇಣುಕಿದ. ಮಡಿವಾಳನ ಕಾಲು ಕಣಕಾಲಿನವರೆಗೆ ಕೆಸರಿನಲ್ಲಿ ಹೂತಿತ್ತು. ಅವನನ್ನು ಎಳೆಯಲು ಹೋದ ಗಾಣಿಗನೂ ಸಿಕ್ಕಿಬಿದ್ದು ಅಳುಮೋರೆ ಮಾಡಿಕೊಂಡಿದ್ದ. ಹಾಕಿದ್ದು ಕೆರೆಯ ಜೇಡಿಮಣ್ಣು. ಕುಂಬಾರ ಕಟ್ಟಿಗೆಯ ಹೊರೆ ಬಿಸಾಡಿ ಕಣಕ್ಕೆ ಹಾರಿದ.

"ಏ ಹುಚ್ಚಪ್ಪಗಳಿರಾ! ಇದು ಗಡಿಗಿ ಮಣ್ಣು! ಗಡಿಗಿ ಮಣ್ಣು ಮೈ ಹಿಡಕೋತೈತಿ. ಕಣದ ಮಣ್ಣು ಮೈ ಬಿಡಬೇಕು!"

ಬೈಯುತ್ತಲೇ ಇಬ್ಬರನ್ನೂ ಎಳೆದು ಹಾಕಿದ. ಬೈಯುತ್ತಲೇ ಜೇಡಿಯನ್ನೆಲ್ಲ ಬಾಚಿ ತೆಗೆದ. ಕೆಳಗೆ ಕೆಂಪು ಮಣ್ಣು ಕಾಣಿಸಿತು. ಓಡಿ ಹೋಗಿ ಅಟ್ಟದ ಮೇಲಿನ ಗುದ್ದಲಿ ತಂದು ಒಂದು ಏಟು ಹಾಕಿದ. ಬಂಡೆಗೆ ಬಡಿದಂತೆ ಠಣ್ ಎಂದಿತು. ಅಜ್ಜ, ಅಪ್ಪ ಹದ ಮಾಡಿದ ಮಣ್ಣು ಅದು. ಬೈಗುಳ ಅಲ್ಲಿಗೆ ನಿಂತಿತು.

ಎಂಟು ದಿನ ಅವನು ಬೇರೆ ಕೆಲಸ ಮುಟ್ಟಲಿಲ್ಲ. ಅಗೆದ, ಜರಡಿ ಹಿಡಿದ, ಮಜ್ಜಿಗೆ ಸುರಿದ, ಮತ್ತೆ ಅಗೆದ. ಮನೆಗೆ ಬಂದರೆ ಉಂಡು ಮಲಗುವಷ್ಟೇ ತ್ರಾಣ ಉಳಿಯುತ್ತಿತ್ತು.

ಪಂಚಮಿಯ ಮಧ್ಯಾಹ್ನ ನೋಡಲು ಬಂದವರು ಬೆರಳೆಣಿಕೆಯ ಮಂದಿ. ಮಡಿವಾಳನೂ ಗಾಣಿಗನೂ ಕಣಕ್ಕೆ ಇಳಿದರು. ಹೊರಗಿನ ಮೈದಾನಗಳಲ್ಲಿ ಜೀವನವೆಲ್ಲ ಸೋತವರಿಗೆ ಸೋಲಿನ ಅಂಜಿಕೆ ಎಲ್ಲಿಂದ ಬರಬೇಕು? ಬಿದ್ದರು, ಎದ್ದರು, ಮತ್ತೆ ಬಿದ್ದರು. ಮೇಲಿದ್ದವನು ಕೆಳಗೆ, ಕೆಳಗಿದ್ದವನು ಮೇಲೆ. ಮೆತ್ತಗಿನ ಮಣ್ಣು ಬಿದ್ದವನನ್ನು ಮತ್ತೆ ಮತ್ತೆ ಎಬ್ಬಿಸಿ ಕಳಿಸಿತು. ಕಟ್ಟಕಡೆಗೆ ಗಾಣಿಗ ಮಡಿವಾಳನನ್ನು ಚಿತ್ ಮಾಡಿದ. ಮಾಡಿದವನು ನಂಬಲಾಗದೆ ಅವನ ಎದೆಯ ಮೇಲೇ ಕುಳಿತು ಗಳಗಳ ಅತ್ತ. ಕೆಳಗೆ ಬಿದ್ದಿದ್ದ ಮಡಿವಾಳ ಅವನ ಬೆನ್ನು ಸವರಿ ಸಮಾಧಾನ ಮಾಡಿದ. ಬಂದಿದ್ದ ಹತ್ತು ಮಂದಿ ನೂರು ಮಂದಿಯ ಸದ್ದು ಮಾಡಿದರು. ಕುಂಬಾರನ ಗಂಟಲೇ ಬಿದ್ದುಹೋಯಿತು.

ಅವನು ಓಡುತ್ತ ಮನೆಗೆ ಬಂದ. ಹೆಂಡತಿ ಮಣ್ಣು ತುಳಿಯುತ್ತಿದ್ದಳು. ಎಂಟು ದಿನದಿಂದ ಕೇಳಬೇಕೆಂದಿದ್ದ ಮಾತನ್ನು ಅವನು ಒಡೆದ ದನಿಯಲ್ಲಿ ಆಗ ಕೇಳಿದ.

"ಅವ್ರಿಗೆ ಗಡಿಗಿ ಮಣ್ಣು ಯಾಕ ಕೊಟ್ಟಿ? ಕಣಕ್ಕ ಅದು ಆಗೂದಿಲ್ಲಂತ ನಿನಗ ಗೊತ್ತಿರ್ಲಿಲ್ಲೇನು?"

"ಮೂವತ್ತು ವರ್ಷ ದಿನಾ ಹೇಳೀರಿ, ಗೊತ್ತಿಲ್ಲದ ಇರತೈತೇನ್ರಿ?" ಎಂದಳು ಅವಳು. "ನೀವು ಅದನ್ನ ನೋಡಿ ಸುಮ್ನ ಇರೂದಿಲ್ಲ ಅನ್ನೂದೂ ಗೊತ್ತಿತ್ತು. ಅದು ಹೋಗ್ಲಿ ಬಿಡ್ರಿ. ಯಾರು ಗೆದ್ರು, ಹೇಳ್ರಿ."

ಅವನು ತಿಗರಿಯ ಮುಂದೆ ಕುಳಿತು ಹೇಳತೊಡಗಿದ. ಗಾಣಿಗ ಸೊಂಟಕ್ಕೆ ಕೈ ಹಾಕಿದಲ್ಲಿಗೆ ಬರುವಷ್ಟರಲ್ಲಿ ಎದ್ದು ಕಂಬ ತಬ್ಬಿದ. ಅಂದಿನ ಗಡಿಗೆ ಸೊಟ್ಟಗಾಯಿತು. ಹೆಂಡತಿ ಅದನ್ನು ಆವಿಗೆಯಲ್ಲಿ ಸುಟ್ಟು, ಮಾರಲು ಕೊಡದೆ, ಅಡಿಗೆಮನೆಯಲ್ಲಿ ಇಟ್ಟುಕೊಂಡಳು.

ಉಸ್ತಾದರು ಕತೆ ಮುಗಿಸಿದರು. ಫಕೀರೇಶ ನಕ್ಕಿದ್ದ, ನಡುವೆ ಒಮ್ಮೆ ಕಣ್ಣನ್ನೂ ಒರೆಸಿಕೊಂಡಿದ್ದ. ಆದರೂ ಅವನ ಅನುಮಾನ ಪೂರ್ತಿ ಹೋಗಿರಲಿಲ್ಲ.

"ಹಂಗಾರ ಆ ದೊಡ್ಡ ಕುಸ್ತಿಯಿಂದ ಏನೂ ಕೆಡಲಿಲ್ಲಂತೀರೇನ್ರಿ, ಉಸ್ತಾದ್ರ?"

ಉಸ್ತಾದರು ಎದ್ದು ನಿಂತು ಅವನ ತಲೆಯ ಮೇಲೆ ಕೈ ಇಟ್ಟರು.

"ನಮ್ಮ ಕಣ ಅಗದು ಇವತ್ತಿಗೆ ಮೂರು ದಿನ ಆತು, ಈ ವಾರ ಅಗಿಯೂ ಪಾಳಿ ಯಾರದಪಾ, ಫಕೀರೇಶಾ?"

ಫಕೀರೇಶ ಎದ್ದು ಗೋಡೆಗೆ ಒರಗಿಸಿದ್ದ ಗುದ್ದಲಿ ಎತ್ತಿಕೊಂಡು ಕಣಕ್ಕೆ ಇಳಿದ.