ಕಪ್ಪೆಯ ಹಾಜರಿ

ಕಾಲೇಜಿನ ಪ್ರಯೋಗಶಾಲೆಯಲ್ಲಿ ಕೊಯ್ಯುವ ಕತ್ತಿಯೊಂದು ಜಾಡಿಯೊಳಗಿನ ಕಪ್ಪೆಗೆ ಹೇಳಿತು: "ಹೆದರಬೇಡ. ವಿಜ್ಞಾನಕ್ಕಾಗಿ, ಮನುಷ್ಯರ ಆರೋಗ್ಯಕ್ಕಾಗಿ ಇಂದು ನೀನು ತ್ಯಾಗ ಮಾಡುತ್ತಿದ್ದೀಯೆ."

"ತ್ಯಾಗವೆಂದರೆ ತಾನಾಗಿ ಕೊಡುವುದು. ನನ್ನನ್ನು ಯಾರೂ ಕೇಳಲೇ ಇಲ್ಲವಲ್ಲ," ಎಂದಿತು ಕಪ್ಪೆ.

"ಕೇಳುವುದೇನು ಬಂತು? ರಬ್ಬರಿನ ಕಪ್ಪೆ ದುಬಾರಿ. ನೀನಾದರೆ ಹಾಸ್ಟೆಲ್ ಹಿಂದಿನ ಚರಂಡಿಯಲ್ಲಿ ಪುಕ್ಕಟೆ ಸಿಗುತ್ತೀಯೆ."

"ಅದಿರಲಿ. ಎದುರಿಗೆ ಇಷ್ಟೊಂದು ಬೆಂಚುಗಳೇಕೆ ಖಾಲಿ?"

"ಮಕ್ಕಳಿಗೆ ಜ್ವರ. ಹಾಸ್ಟೆಲ್ ತುಂಬ ಸೊಳ್ಳೆ."

"ಚರಂಡಿಯಲ್ಲಿ ನಮ್ಮನ್ನು ಹಿಡಿಯಲು ಶುರುಮಾಡಿದ ಮೇಲೆ ತಾನೆ?"

ಕತ್ತಿ ಬಾಯಿ ತೆರೆಯುವ ಮೊದಲೇ ಉಪನ್ಯಾಸಕಿ ಶಾಂಭವಿ ಅದನ್ನು ಕೈಗೆತ್ತಿಕೊಂಡು, ಜಾಡಿಯ ಮುಚ್ಚಳ ತೆಗೆದರು. ಅವರ ಮಣಿಕಟ್ಟಿನ ಮೇಲೊಂದು ಸೊಳ್ಳೆ ಬಂದು ಕುಳಿತಿತು. ಕಪ್ಪೆ ತಪ್ಪಿಸಿಕೊಂಡು ಹಾರಲಿಲ್ಲ. ಸರಕ್ಕನೆ ನಾಲಿಗೆ ಚಾಚಿ ಸೊಳ್ಳೆಯನ್ನು ನುಂಗಿತು.

ಶಾಂಭವಿ ಕಪ್ಪೆಯನ್ನು ನೋಡಿದರು, ಖಾಲಿ ಬೆಂಚುಗಳನ್ನು ನೋಡಿದರು. ಆಮೇಲೆ ಕತ್ತಿಯನ್ನು ಕೆಳಗಿಟ್ಟು, ಬಂದಿದ್ದ ನಾಲ್ಕೈದು ವಿದ್ಯಾರ್ಥಿಗಳತ್ತ ತಿರುಗಿದರು.

"ಇವತ್ತಿನ ಪ್ರಯೋಗ ಆಗಿಹೋಯ್ತು ಕಣ್ರಪ್ಪಾ. ಹಿಡಿದು ತಂದ ಕಪ್ಪೆಗಳನ್ನೆಲ್ಲ ಚರಂಡಿಗೇ ಬಿಟ್ಟು ಬನ್ನಿ. ಇನ್ನು ಮೇಲೆ ಒಂದನ್ನೂ ಹಿಡಿಯಕೂಡದು."

ಮಳೆಗಾಲ ಮುಗಿಯುವ ಹೊತ್ತಿಗೆ ಬೆಂಚುಗಳೆಲ್ಲ ಮತ್ತೆ ತುಂಬಿದ್ದವು. ಶಾಂಭವಿ ಹಾಜರಿ ಕೂಗಿದರು. ಪ್ರತಿ ಹೆಸರಿಗೂ "ಎಸ್ ಮೇಡಂ" ಎಂಬ ದನಿ ಬಂತು. ಕೊನೆಯ ಹೆಸರು ಮುಗಿದಿತ್ತಷ್ಟೇ, ಕಿಟಕಿಯಾಚೆಯಿಂದ "ವಟರ್!" ಎಂದು ಕೇಳಿಸಿತು. ಕೋಣೆ ತುಂಬ ನಗು.

"ಮೇಡಂ, ಅದಕ್ಕೂ ಹಾಜರಿ ಹಾಕಿ!" ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು.

"ಹಾಕದೆ ಇರ್ತೀನಾ?" ಎಂದರು ಶಾಂಭವಿ. "ಅದು ಹಾಜರಿರೋದಕ್ಕೇ ಅಲ್ವೇನ್ರೋ, ನೀವೆಲ್ಲ ಹಾಜರಿರೋದು!"