ಆರಿಸಿದ ಭಟ್ಟಿ

"ಗುರುಗಳೇ, ಮುಂದಿನ ವಾರ ಶಾಲೆಗೆ ರಜೆ ಬೀಳುತ್ತದೆ. ನನ್ನ ಗಂಡನ ಮೊದಲ ಹೆಂಡತಿಯ ಮಕ್ಕಳು ಮೊದಲ ಸಲ ನಮ್ಮ ಮನೆಗೆ ಬರುತ್ತಾರೆ. ಊರಿನ ಕಣ್ಣೆಲ್ಲ ನನ್ನ ಮೇಲಿದೆ. ಯಾರೂ ನನ್ನತ್ತ ಬೆರಳು ಮಾಡದಂತೆ ಅವರನ್ನು ನೋಡಿಕೊಳ್ಳುವುದು ಹೇಗೆ?" ಎಂದು ಶಿಷ್ಯೆ ಕೇಳಿದಳು.

ಗುರುಗಳು ಈ ಕತೆ ಹೇಳಿದರು.

ಒಬ್ಬ ಹೆಂಗಸಿದ್ದಳು. ಅವಳಿಂದ ಆಗದು ಎಂದವರು ಇಬ್ಬರು. ಮೊದಲನೆಯವನು ಮಂಡಕ್ಕಿ ಭಟ್ಟಿಯ ಯಜಮಾನ. ಅವನ ಭಟ್ಟಿಯಲ್ಲಿ ಅವಳು ಕೂಲಿಗೆ ಮರಳು ಕಾಯಿಸಿ ಅಕ್ಕಿ ಅರಳಿಸುತ್ತಿದ್ದಳು. "ಹೆಂಗಸಿನ ಕೈಯಲ್ಲಿ ಭಟ್ಟಿ ನಡೆದದ್ದುಂಟೇ?" ಎಂದು ಅವನು ನಕ್ಕಿದ್ದ. ಹದಿನಾಲ್ಕು ವರ್ಷದ ಮೇಲೆ ಅವಳು ಅದೇ ಭಟ್ಟಿಯನ್ನು ಅವನಿಂದಲೇ ಕೊಂಡಳು. ಕೊಂಡ ದಿನದಿಂದ ಅದರ ಬೆಂಕಿಯನ್ನು ಒಂದು ದಿನವೂ ಆರಗೊಡಲಿಲ್ಲ.

ಎರಡನೆಯವಳು ಒಬ್ಬ ಮುದುಕಿ. ಭಟ್ಟಿಯ ಹೆಂಗಸು ನಲವತ್ತರ ಹತ್ತಿರ ಬಂದಾಗ, ಹೆಂಡತಿಯನ್ನು ಕಳೆದುಕೊಂಡ ಒಬ್ಬ ಲಾರಿಯವನನ್ನು ಮದುವೆಯಾದಳು. ಅವನಿಗೆ ಒಂಬತ್ತು ವರ್ಷದ ಮಗಳು, ಆರು ವರ್ಷದ ಮಗ. ಇಬ್ಬರೂ ಬೇರೆ ಊರಿನಲ್ಲಿ ತಾಯಿಯ ತಾಯಿಯ ಬಳಿ ಇದ್ದರು. ಮದುವೆಯ ಸುದ್ದಿ ಕೇಳಿ ಆ ಅಜ್ಜಿ ಅಂದಳು: "ಮರಳು ಹುರಿದ ಕೈ ಮಕ್ಕಳನ್ನು ಸಾಕೀತೇ? ಅವಳಿಂದ ಆಗದ ಮಾತು."

ಆದರೂ ಬೇಸಿಗೆ ರಜೆಗೆ ಮಕ್ಕಳನ್ನು ಕಳಿಸಲು ಒಪ್ಪಿದಳು. ರಜೆಗೆ ವಾರ ಮೊದಲು ಅಳಿಯ ಕೇಳಲು ಬಂದಾಗ ಇಬ್ಬರಿಗೂ ಎಣ್ಣೆ ಹಚ್ಚಿ ಎರೆದು, ಕೈಕಾಲುಗಳನ್ನು ಅವನ ಮುಂದೆ ಹಿಡಿದು ತೋರಿಸಿದಳು. "ನೋಡಿಕೊಳ್ಳಪ್ಪ. ಎಲ್ಲೂ ಒಂದು ಗೀರಿಲ್ಲ. ಹೀಗೆಯೇ ತಂದು ಒಪ್ಪಿಸಬೇಕು. ಒಂದು ಗುರುತು ಕಂಡರೂ ಇದೇ ಮೊದಲು, ಇದೇ ಕೊನೆ."

ಗಂಡ ಆ ಮಾತನ್ನು ಹೆಂಡತಿಗೆ ಮುಟ್ಟಿಸಿದ. ಅಷ್ಟು ಹೇಳಿ ಮುಖ ಆಚೆ ತಿರುಗಿಸಿದ. ಮಕ್ಕಳು ಮತ್ತೆ ಬರದಿದ್ದರೆ ಈ ಮನುಷ್ಯ ತನ್ನನ್ನು ಕ್ಷಮಿಸುವುದಿಲ್ಲ ಎಂದು ಅವಳಿಗೆ ತಿಳಿಯಿತು.

ಯಾರಿಗೂ ಹೆದರದೆ ಬೆಳೆದ ಹೆಂಗಸು ಅಂದಿನಿಂದ ಹೆದರತೊಡಗಿದಳು. ಬಾವಿಗೆ ಹಲಗೆ ಹೊದಿಸಿದಳು. ಈಳಿಗೆಮಣೆಯನ್ನು ಅಟ್ಟಕ್ಕೆ ಏರಿಸಿದಳು. ಹಿತ್ತಲಿಗೆ ಬೀಗ ಹಾಕಿದಳು. ಅಷ್ಟಾದರೂ ನಿದ್ದೆ ಬರಲಿಲ್ಲ. ಕೊನೆಗೆ ಮನೆಯ ಮುಂದಿನ ಭಟ್ಟಿಯ ಬೆಂಕಿಯನ್ನೇ ಆರಿಸಿದಳು.

"ಅಕ್ಕಾ, ಬರುವವರು ಮಕ್ಕಳೋ, ಜಪ್ತಿಯವರೋ?" ಎಂದು ಕೆಲಸದವರು ನಕ್ಕರು. ಅವಳು ನಗಲಿಲ್ಲ.

ಮಕ್ಕಳು ಬಂದರು. ಚಿಕ್ಕವ್ವನಿಗೆ ಸಿಟ್ಟು ಬರಿಸಬೇಡಿ ಎಂದು ಅಜ್ಜಿ ಅವರಿಗೂ ಹೇಳಿ ಕಳಿಸಿದ್ದಳು. ಹುಡುಗಿ ತಂದ ಬಟ್ಟೆಗಂಟನ್ನು ಬಿಚ್ಚಲೇ ಇಲ್ಲ. ದಿನವೂ ಮೇಲಿನ ಎರಡು ಬಟ್ಟೆಯನ್ನಷ್ಟೇ ಎಳೆದು ತೆಗೆದು, ಒಗೆದು ಮತ್ತೆ ಅದರೊಳಗೇ ತುರುಕುತ್ತಿದ್ದಳು. ಕೇಳಿದ್ದಕ್ಕೆ ಹೂಂ ಅನ್ನುವಳು, ಉಹೂಂ ಅನ್ನುವಳು. ಹುಡುಗ ಅದನ್ನೂ ಅನ್ನುತ್ತಿರಲಿಲ್ಲ.

ಸಂಜೆಯಾಯಿತೆಂದರೆ ಹೆಂಗಸು ಇಬ್ಬರನ್ನೂ ಬಚ್ಚಲಿನಲ್ಲಿ ನಿಲ್ಲಿಸಿ ಮೈಯೆಲ್ಲ ನೋಡುವಳು. ಮೊಣಕೈ, ಮಂಡಿ, ಅಂಗಾಲು. "ಇದೇನು ಕೆಂಪಗಿದೆ? ಸೊಳ್ಳೆಯೋ, ಕೆರೆದುಕೊಂಡೆಯೋ? ಎಲ್ಲಿ, ತಿರುಗು." ಮಕ್ಕಳು ಉಸಿರು ಬಿಗಿಹಿಡಿದು ತಿರುಗುತ್ತಿದ್ದರು. ತಾನು ಅಕ್ಕರೆಯಿಂದ ನೋಡುತ್ತಿದ್ದೇನೆ ಎಂದೇ ಅವಳು ತಿಳಿದಿದ್ದಳು. ಮಕ್ಕಳಿಗೆ ಕಾಣುತ್ತಿದ್ದುದು ಅವಳ ಕಣ್ಣು ಮಾತ್ರ.

ನೆರೆಮನೆಯವಳು ಹೆಪ್ಪು ಬೇಡುವ ನೆಪದಲ್ಲಿ ದಿನಕ್ಕೊಂದು ಸಲ ಬಂದು ಮಕ್ಕಳ ತಟ್ಟೆ ಇಣುಕುವಳು. "ಹುಡುಗ ಇಳಿದುಹೋದನಲ್ಲೇ? ಅಥವಾ ನನ್ನ ಕಣ್ಣಿಗೇ ಹಾಗೆ ಕಾಣುತ್ತದೋ ಏನೋ." ಹೆಂಗಸು ಬೆದರಿ ಇನ್ನೆರಡು ಮಿಳ್ಳೆ ತುಪ್ಪ ಸುರಿದಳು. ಬೇಡ ಎನ್ನಲು ಹುಡುಗನಿಗೆ ಬಾಯಿ ಬರಲಿಲ್ಲ. ಎಲ್ಲವನ್ನೂ ತಿಂದು ಗೋಡೆಯ ಮರೆಯಲ್ಲಿ ವಾಂತಿ ಮಾಡಿಕೊಂಡ. ಅಕ್ಕ ಸದ್ದಿಲ್ಲದೆ ಅದರ ಮೇಲೆ ಮಣ್ಣು ಎಳೆದಳು.

ಹದಿನೆಂಟು ದಿನ ಹೀಗೆ ಕಳೆಯಿತು. ಹತ್ತೊಂಬತ್ತನೆಯ ದಿನ ಮಂಡಕ್ಕಿ ಒಯ್ಯುವ ವರ್ತಕ ಬಾಗಿಲಿಗೆ ಬಂದ. "ನಾಳೆ ಸಂತೆ. ನಿನ್ನ ಭಟ್ಟಿ ಸತ್ತಿದ್ದರೆ ಹೇಳಿಬಿಡು ತಾಯಿ, ಬೇರೆ ಕಡೆ ನೋಡಿಕೊಳ್ಳುತ್ತೇನೆ" ಎಂದ. ಅರ್ಧ ದಿನದ ಮಟ್ಟಿಗೆ ಉರಿ ಹಾಕಲು ಅವಳು ಒಪ್ಪಿದಳು. ಮಕ್ಕಳಿಗೆ ಒಳಗೇ ಇರುವಂತೆ ಕೂಗಿ ಹೇಳಿದಳು.

ಆ ಭಟ್ಟಿಯ ಬಾಯಿ ದೊಡ್ಡದು. ಬೂದಿ ಬಳಿಯಲು ಆಳು ತೂರಿ ಹೋಗುವಷ್ಟು ದೊಡ್ಡದು. ಅವಳು ಬಾಯಿಯ ಮುಂದೆ ಹೊಟ್ಟು ಸುರಿದಳು. ಕೊಳ್ಳಿ ಹಚ್ಚಿಕೊಂಡು ಬಗ್ಗಿದಳು.

ಯಾರೋ ಹಿಂದಿನಿಂದ ಸೆರಗು ಹಿಡಿದರು. ತಿರುಗಿದರೆ ಹುಡುಗಿ.

"ಇಲ್ಲಿಗೇಕೆ ಬಂದೆ? ಒಳಗೆ ನಡಿ."

ಹುಡುಗಿ ಸೆರಗು ಬಿಡಲಿಲ್ಲ. ಬಾಯಿ ತೆರೆದಳು, ಮುಚ್ಚಿದಳು. ಯಾರಿಗೂ ಹೇಳುವುದಿಲ್ಲವೆಂದು ತಮ್ಮನಿಗೆ ಆಣೆ ಇಟ್ಟಿದ್ದಳು.

"ಬಿಡು, ಕಿಡಿ ಹಾರುತ್ತದೆ!"

"ತಮ್ಮ ಅದರೊಳಗಿದ್ದಾನೆ" ಎಂದಳು ಹುಡುಗಿ.

ಕೊಳ್ಳಿ ಕೈಯಿಂದ ಜಾರಿ ಹೊಟ್ಟಿನ ಮೇಲೆ ಬಿತ್ತು. ಹೆಂಗಸು ಬರಿಗಾಲಿನಲ್ಲಿ ಅದನ್ನು ತುಳಿದಳು. ಹೊಗೆ ನಿಲ್ಲುವವರೆಗೂ ತುಳಿದಳು. ಆಮೇಲೆ ಬಾಯಿಯೊಳಗೆ ಕೈ ಚಾಚಿ, ಸಿಕ್ಕ ತೋಳನ್ನು ಹಿಡಿದು ಎಳೆದಳು.

ಹುಡುಗ ಬೂದಿಯಲ್ಲಿ ಮಿಂದಿದ್ದ. ಒಂದು ಮಂಡಿಯನ್ನು ಎರಡು ಕೈಯಿಂದ ಮುಚ್ಚಿಕೊಂಡಿದ್ದ. ಕೈ ಬಿಡಿಸಿ ನೋಡಿದರೆ ಹುಣಿಸೆಬೀಜದಷ್ಟು ತರಚು ಗಾಯ. ಬೆಳಿಗ್ಗೆ ಹೊಸಿಲು ಎಡವಿ ಬಿದ್ದಿದ್ದ.

"ಇದು ಅಳಿಸಿಹೋಗುವವರೆಗೂ ಅಲ್ಲೇ ಇರುತ್ತೇನೆ ಚಿಕ್ಕವ್ವಾ" ಎಂದ. ಆ ಮನೆಯಲ್ಲಿ ಅವನು ಅವಳೊಡನೆ ಆಡಿದ ಮೊದಲ ಮಾತು ಅದು.

ಹೆಂಗಸು ಬೂದಿಯಲ್ಲೇ ಕುಳಿತಳು. ಬೆಂಕಿ ಉರಿಯುತ್ತಿದ್ದಿದ್ದರೆ ಮಗು ಅತ್ತ ಸುಳಿಯುತ್ತಿರಲಿಲ್ಲ. ಅದನ್ನು ಆರಿಸಿದವಳು ತಾನು. ಮತ್ತೆ ಹಚ್ಚಲು ಬಗ್ಗಿದವಳೂ ತಾನು.

ಗಂಡ ಎಲ್ಲವನ್ನೂ ಕೇಳಿದ. "ಏನೂ ಆಗಲಿಲ್ಲವಲ್ಲ" ಎಂದ. "ಮಂಡಿಯದನ್ನು ಆಟದಲ್ಲಿ ಬಿದ್ದದ್ದು ಅಂದರಾಯಿತು. ಉಳಿದದ್ದು ನಾವು ನಾಲ್ವರಲ್ಲೇ ಇರಲಿ."

ಮರುದಿನ ಅವಳು ಹಿತ್ತಲಿನ ಬೀಗ ತೆಗೆದಳು. ಮಕ್ಕಳನ್ನು ಕರೆದೊಯ್ದು ಅವರ ಎದುರಿಗೇ ಭಟ್ಟಿ ಹಚ್ಚಿದಳು. ಹೊಟ್ಟಿನಿಂದ ನೆಲದ ಮೇಲೊಂದು ಗೆರೆ ಎಳೆದಳು. "ಇದು ಸುಡುತ್ತದೆ. ನನಗೂ ಇದರ ಭಯವಿದೆ. ಈ ಗೆರೆ ದಾಟಿದರೆ ಬೆನ್ನಿಗೆ ಗುದ್ದು ಬೀಳುತ್ತದೆ" ಎಂದಳು. ಹುಡುಗಿ ಅಂದು ಬಟ್ಟೆಗಂಟು ಬಿಚ್ಚಿದಳು. ಅಂದಿನ ಸಂಜೆ ಯಾರೂ ಯಾರ ಮೈಯನ್ನೂ ತಪಾಸಣೆ ಮಾಡಲಿಲ್ಲ.

ರಜೆ ಮುಗಿಯಿತು. ಮಕ್ಕಳನ್ನು ಬಿಡಲು ಹೆಂಗಸು ತಾನೂ ಹೊರಟಳು. ಸುಟ್ಟ ಕಾಲನ್ನು ಎಳೆಯುತ್ತ ಅಜ್ಜಿಯ ಮನೆಯ ಮೆಟ್ಟಿಲು ಹತ್ತಿದಳು. ಗಂಡ ಸನ್ನೆ ಮಾಡಿದ. ಅವಳು ನೋಡಲಿಲ್ಲ. ಬಾವಿಯ ಹಲಗೆಯಿಂದ ಹಿಡಿದು ಎಲ್ಲವನ್ನೂ ಹೇಳಿದಳು. "ಕೊಳ್ಳಿ ನನ್ನ ಕೈಯಲ್ಲೇ ಇತ್ತು" ಎಂದಳು.

ಮುದುಕಿ ಮಕ್ಕಳನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು.

ಮರುವರ್ಷದ ಬೇಸಿಗೆಗೆ ಮಕ್ಕಳು ಬರಲಿಲ್ಲ. ಗಂಡ ಊಟಕ್ಕೆ ಬರುವನು, ಉಣ್ಣುವನು, ಏಳುವನು. ಅದರ ಮುಂದಿನ ಬೇಸಿಗೆಗೂ ಬರಲಿಲ್ಲ. ಮೂರನೆಯ ಬೇಸಿಗೆ, ಸಂತೆಯ ದಿನ, ಮುದುಕಿ ತಾನೇ ಇಬ್ಬರನ್ನೂ ಕರೆದುಕೊಂಡು ಭಟ್ಟಿಯ ಮುಂದೆ ಬಂದು ನಿಂತಳು.

"ನಿನ್ನ ಮೇಲೆ ಪ್ರೀತಿ ಉಕ್ಕಿ ಬಂದೆನೆಂದು ತಿಳಿಯಬೇಡ" ಎಂದಳು. "ಹೋದ ವರ್ಷ ಈ ಹುಡುಗ ಪೇರಲೆ ಮರದಿಂದ ಬಿದ್ದು ಕೈ ಮುರಿದುಕೊಂಡ. ನನ್ನ ಕಣ್ಣೆದುರಿಗೇ. ನಾನು ನಿಮಗೆ ಹೇಳಿ ಕಳಿಸಲಿಲ್ಲ. ನನ್ನ ಜಾಗದಲ್ಲಿ ನೀನಿದ್ದಿದ್ದರೆ ಹೇಳಿಬಿಡುತ್ತಿದ್ದೆ."

ಇವತ್ತು ಆ ಹೆಂಗಸಿಗೆ ತನ್ನದೆಂದು ಒಂದು ಭಟ್ಟಿಯಿದೆ. ಅದರ ಹಿಂದೆ ಎರಡು ಕೋಣೆಗಳಿವೆ. ವರ್ಷಕ್ಕೊಂದು ತಿಂಗಳು ಆ ಕೋಣೆಗಳಲ್ಲಿ ಕೂಗಾಡಿ ಜಗಳವಾಡುವ ಇಬ್ಬರು ಮಕ್ಕಳಿದ್ದಾರೆ. ಅದಕ್ಕೆ ಅವಳು ತೆತ್ತದ್ದು ಎರಡು ಬೇಸಿಗೆ, ಒಂದು ಅಂಗಾಲು, ಗಂಡನ ಮಾತಿಲ್ಲದ ಊಟಗಳು. ಹುಡುಗ ಇಂದಿಗೂ ಭಟ್ಟಿಯ ಬಾಯಿಯ ಎದುರು ನಿಲ್ಲುವುದಿಲ್ಲ. ಅದೂ ಸೇರಿತು.

ಕತೆ ಅಲ್ಲಿಗೆ ನಿಂತಿತು. ಶಿಷ್ಯೆ ಯೋಚಿಸಿ ಕೇಳಿದಳು: "ಗಂಡ ಹೇಳಿದಂತೆ ಮುಚ್ಚಿಟ್ಟಿದ್ದರೆ ಆ ಎರಡು ಬೇಸಿಗೆಯಾದರೂ ಉಳಿಯುತ್ತಿದ್ದವಲ್ಲ, ಗುರುಗಳೇ?"

"ಗಾಯ ಬಚ್ಚಿಡುವುದನ್ನು ಆ ಹುಡುಗ ಯಾರ ಹೆದರಿಕೆ ನೋಡಿ ಕಲಿತನೆಂದು ತಿಳಿದೆ?" ಎಂದರು ಗುರುಗಳು.