ದನ ಕಾಯುವವನು ಗೆದ್ದ ಬಿಸಿಲ್ದೊಡ್ಡಿ

ನಮ್ಮ ಮನೆತನ ಐದು ತಲೆಮಾರಿನಿಂದ ಮರಳ್ನಾಡಿನಲ್ಲಿ ಮರ್ಯಾದೆಯಿಂದ ಬಾಳಿದ್ದು. ಮಾತಿಗೆ ತಪ್ಪಿದವರು, ಕೊಳೆ ಬಟ್ಟೆ ಉಟ್ಟು ಹೊಸ್ತಿಲು ದಾಟಿದವರು ನಮ್ಮಲ್ಲಿ ಒಬ್ಬರೂ ಇಲ್ಲ. ಮೂಲಪುರುಷ ಹಾಲಪ್ಪ ದನ ಕಾಯುತ್ತಿದ್ದ. ಅದನ್ನು ನಾವು ಎಂದೂ ಮುಚ್ಚಿಟ್ಟಿಲ್ಲ.

ಅವನಿಗೆ ಇಪ್ಪತ್ತು ವರ್ಷವಾಗಿದ್ದಾಗ ಅರಸ ಮಲ್ಲಭೂಪ ಡಂಗುರ ಹೊಡೆಸಿದ: “ರೈಲು ಬೇರೆ ದಾರಿ ಹಿಡಿದು, ದನದ ವ್ಯಾಪಾರ ನಿಂತು, ಬಿಸಿಲ್ದೊಡ್ಡಿ ಹಾಳು ಬಿದ್ದಿದೆ. ಆ ಊರಿನ ಮೇಲೆ ಮೂರು ಒಗಟು. ಬಿಡಿಸಿದವನಿಗೆ ಊರು, ತಪ್ಪಿದವನಿಗೆ ತಲೆದಂಡ. ಯಾರೂ ಬಿಡಿಸದಿದ್ದರೆ ಹುಣ್ಣಿಮೆಗೆ ಬಾವಿ ಮುಚ್ಚಿ ಊರನ್ನು ಕೆಡವಲಾಗುವುದು.”

ಹಾಲಪ್ಪನ ಮುದಿ ಹಸು ಕೆಂದಿಗೆ ಆ ಬಾವಿಯ ನೀರೇ ಗತಿ. ಅವನು ಅರಮನೆಗೆ ನಡೆದ.

ಮಂತ್ರಿ ಅವನ ಬರಿಗಾಲು ನೋಡಿ, “ಹೋಗೋ, ದನ ಕಾಯಿ ಹೋಗು,” ಎಂದ.

“ಅಲ್ಲಿಂದಲೇ ಬಂದೆ, ಬುದ್ಧಿ.”

ಅರಸ ಕೇಳಿದ: “ಜೊತೆಯಲ್ಲೇ ಮಲಗಿದ ಅಣ್ಣತಮ್ಮಂದಿರು, ಎಷ್ಟು ದೂರ ಹೋದರೂ ಒಬ್ಬರನ್ನೊಬ್ಬರು ಮುಟ್ಟರು. ಯಾರು?”

“ಜೋಡೆತ್ತು,” ಎಂದ ಒಗಟು ಬಿಡಿಸಲು ಬಂದಿದ್ದ ಸೇನಾಪತಿಯ ಮಗ. ಕಾವಲಿನವರು ಅವನ ಕೈ ಕಟ್ಟಿದರು.

“ರೈಲಿನ ಹಳಿ,” ಎಂದ ಅವನ ಹಿಂದೆ ನಿಂತಿದ್ದ ಸಾಹುಕಾರನ ಮಗ.

ಅರಸ ಎರಡನೆಯದನ್ನು ಕೇಳಿದ: “ಹುಲ್ಲು ಮುಟ್ಟದ ಹಸು. ಕೆಂಡ ತಿಂದು, ನೀರು ಕುಡಿದು, ಕೂಗುತ್ತ ಓಡುತ್ತಿತ್ತು.”

“ಇಂಜಿನ್,” ಎಂದ ಸಾಹುಕಾರನ ಮಗನೇ.

“ಟಿಕೆಟ್ ಇಲ್ಲದೆ ಇಂದಿಗೂ ಅಲ್ಲಿ ರೈಲಿಗೆ ಕಾಯುವವರು ಯಾರು?”

“ಸ್ಟೇಷನ್ ಮಾಸ್ತರು. ಅವರಿಗೆಲ್ಲಿಯ ಟಿಕೆಟ್ಟು?”

“ಅವರು ಊರು ಬಿಟ್ಟು ಏಳು ವರ್ಷವಾಯಿತು,” ಎಂದ ಅರಸ. ಅವನ ಕೈಗೂ ಹಗ್ಗ ಬಿತ್ತು.

ಹಾಲಪ್ಪ ಮುಂದೆ ಬಂದ. “ಮೊದಲ ಎರಡು ಅವರು ಹೇಳಿದಂತೆಯೇ, ಒಡೆಯಾ. ಮೂರನೆಯದು ನಮ್ಮ ಕೆಂದಿ. ಇಂಜಿನ್ನಿಗೆ ತುಂಬುವಾಗ ಚೆಲ್ಲಿದ ನೀರನ್ನು ಕರುವಾಗಿದ್ದಾಗಿನಿಂದ ಕುಡಿದು ಬೆಳೆದವಳು. ಈಗಲೂ ಸಂಜೆ ಐದಕ್ಕೆ ಪ್ಲಾಟ್‌ಫಾರ್ಮಿನಲ್ಲಿ ನಿಂತಿರುತ್ತಾಳೆ. ನಾನು ಬಾವಿಯಿಂದ ಸೇದಿ ಸುರಿಯುತ್ತೇನೆ. ತುಸು ತಡವಾದರೆ ಹಳಿಯ ಕಡೆ ಕತ್ತು ಚಾಚಿ ನೋಡುತ್ತಾಳೆ, ನನ್ನ ಕಡೆ ಅಲ್ಲ.”

ಅರಸ ನಕ್ಕ. ಬೇಟೆಗೆ ಹೋದಾಗ ಅವನೂ ಆಕೆ ಕಾಯುವುದನ್ನು ಕಂಡಿದ್ದ. “ಊರು ನಿನ್ನದು, ಬಾವಿಯೂ ನಿನ್ನದು. ಇನ್ನೇನು ಬೇಕು?”

“ಇವರಿಬ್ಬರ ಕಟ್ಟು ಬಿಚ್ಚಿಸಿ, ಒಡೆಯಾ.” ಹಾಲಪ್ಪ ಮಂತ್ರಿಯತ್ತ ತಿರುಗಿದ. “ದನ ಕಾಯುವುದು ಬೈಗುಳವಲ್ಲ. ತಾವು ಕ್ಷಮೆ ಕೇಳಬೇಕು.”